ಡಿಬಿ2 ಅಂದುಕೊಂಡು ಡಿಬಿ1: ಗಿಟ್‌ಲ್ಯಾಬ್‌ನ ಪೋಸ್ಟ್‌ಗ್ರೆಸ್ ಅಳಿಸಿಹೋದ ಪ್ರಕರಣ

2017ರ ಜನವರಿ 31, ಮಂಗಳವಾರ. ಯುಟಿಸಿ ಲೆಕ್ಕದಲ್ಲಿ ರಾತ್ರಿ 11.30ರ ಆಸುಪಾಸು, ನಮ್ಮಲ್ಲಿ ಆಗಲೇ ಬುಧವಾರ ಬೆಳಗಿನ ಐದು ಗಂಟೆ. ಪ್ರೋಗ್ರಾಮರುಗಳು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್ ಡಾಟ್ ಕಾಮ್‌ನ ಇಂಜಿನಿಯರೊಬ್ಬರು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಡೇಟಾ ಡೈರೆಕ್ಟರಿಯನ್ನು ಅಳಿಸುವ ಕಮಾಂಡ್ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ತಪ್ಪು ಗೊತ್ತಾಗಿ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಅಳಿಸಬೇಕೆಂದುಕೊಂಡಿದ್ದು ಡಿಬಿ2 ಎಂಬ ಸೆಕೆಂಡರಿಯಲ್ಲಿ (ನಕಲು ಇಡುವ ಸರ್ವರ್), ಅಳಿಸಿದ್ದು ಡಿಬಿ1 ಎಂಬ ಪ್ರೈಮರಿಯಲ್ಲಿ (ಮುಖ್ಯ ಸರ್ವರ್).

ಕಂಪನಿ ಇದನ್ನು ಮುಚ್ಚಿಡಲಿಲ್ಲ. ದುರಸ್ತಿ ನಡೆಯುತ್ತಿರುವಾಗಲೇ ಟಿಪ್ಪಣಿಗಳನ್ನು ಎಲ್ಲರಿಗೂ ತೆರೆದಿಟ್ಟಿತು, ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿತು, ಫೆಬ್ರವರಿ 10ರಂದು ವಿವರವಾದ ವರದಿ ಕೊಟ್ಟಿತು. ಆದ್ದರಿಂದಲೇ ಈ ಪ್ರಕರಣವನ್ನು ಬಿಡಿಸಿ ನೋಡಲು ಸಾಧ್ಯ.

ಸಾಮಾನ್ಯವಾಗಿ ಜನ ಇದನ್ನು ‘ತಪ್ಪು ಸರ್ವರ್‌ನಲ್ಲಿ ಆರ್‌ಎಂ ಹೊಡೆದರು’ (ಆರ್‌ಎಂ ಅಂದರೆ ಅಳಿಸುವ ಕಮಾಂಡ್) ಅಂತ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಆ ಸಾಲು ಸುಳ್ಳಲ್ಲ. ಆದರೆ ಆ ಕಮಾಂಡಿನ ಹಿಂದೆ ಮುಂದೆ ಎರಡು ಮೌನಗಳಿವೆ. ಒಂದು, ಪ್ರೈಮರಿಯನ್ನು ಪೂರ್ತಿ ನಕಲು ಮಾಡುವ ಪಿಜಿ_ಬೇಸ್‌ಬ್ಯಾಕಪ್ ಎಂಬ ಸಾಧನ ತನ್ನ ಕೆಲಸದ ನಡುವೆಯೇ ಸುಮ್ಮನೆ ಕೂತಿತ್ತು. ಅದನ್ನು ‘ಕೆಟ್ಟಿದೆ’ ಎಂದು ಓದಲಾಯಿತು. ಇನ್ನೊಂದು, ದಿನವೂ ನಡೆಯಬೇಕಿದ್ದ ಬ್ಯಾಕಪ್ ನಡೆಯದೆ ಸುಮ್ಮನಿತ್ತು. ಅದನ್ನು ‘ಸರಿಯಾಗಿದೆ’ ಎಂದು ಓದಲಾಯಿತು. ನಷ್ಟ ಇಷ್ಟು ದೊಡ್ಡದಾದದ್ದು ಈ ಎರಡು ತಪ್ಪು ಓದುಗಳಿಂದ.

ರೆಪ್ಲಿಕೇಶನ್ ಯಾಕೆ ತುಂಡಾಯಿತು

ಆಗ ಇದ್ದದ್ದು ಪೋಸ್ಟ್‌ಗ್ರೆಸ್ 9.6, ಒಂದು ಪ್ರೈಮರಿ, ಒಂದು ಸೆಕೆಂಡರಿ. ಪ್ರೈಮರಿಯ ಬದಲಾವಣೆಗಳು ಸೆಕೆಂಡರಿಗೆ ಸಾಗುವುದೇ ರೆಪ್ಲಿಕೇಶನ್. ಸೆಕೆಂಡರಿ ಇದ್ದದ್ದು ಪ್ರೈಮರಿ ಬಿದ್ದರೆ ಆ ಜಾಗಕ್ಕೆ ಬರಲು ಮಾತ್ರ. ಸಂಜೆ ಏಳರ ಹೊತ್ತಿಗೆ (ಇಲ್ಲಿಂದ ಮುಂದೆ ಎಲ್ಲವೂ ಯುಟಿಸಿ) ಡೇಟಾಬೇಸಿನ ಮೇಲೆ ಹೊರೆ ಏರತೊಡಗಿತು. ಸ್ಪ್ಯಾಮ್ ಇರಬೇಕು ಎಂದು ಅನುಮಾನ. ಆಮೇಲೆ ಗೊತ್ತಾದದ್ದು: ಸಿಬ್ಬಂದಿಯೊಬ್ಬರ ಖಾತೆಯ ಮೇಲೆ ಯಾರೋ ದೂರು ಗುರುತು ಹಾಕಿದ್ದರು, ಅದು ತಪ್ಪಾಗಿ ಅಳಿಸುವ ಸಾಲಿಗೆ ಸೇರಿತ್ತು, ಆ ಖಾತೆಗೆ ಅಂಟಿದ ಡೇಟಾವನ್ನೆಲ್ಲ ಕಿತ್ತುಹಾಕುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತಿತ್ತು.

ಅಂಗಡಿಯ ಲೆಕ್ಕದಲ್ಲಿ ಮೊದಲು ಕಿರ್ದಿ ಬರೆದು ಆಮೇಲೆ ಖಾತೆಗೆ ಏರಿಸುತ್ತಾರಲ್ಲ, ಪೋಸ್ಟ್‌ಗ್ರೆಸ್ ಮಾಡುವುದೂ ಅದನ್ನೇ. ಪ್ರತಿ ಬದಲಾವಣೆಯೂ ಮೊದಲು ವಾಲ್ ಎಂಬ ಕಿರ್ದಿಗೆ ಹೋಗುತ್ತದೆ, 16 ಎಂಬಿಯ ಒಂದೊಂದು ಸೆಗ್ಮೆಂಟಾಗಿ. ಸೆಕೆಂಡರಿ ಆ ಕಿರ್ದಿಯನ್ನು ಓದಿಕೊಂಡು ತನ್ನ ಖಾತೆಯನ್ನು ತಿದ್ದಿಕೊಳ್ಳುತ್ತದೆ. ಚೆಕ್‌ಪಾಯಿಂಟ್ ಎಂದರೆ ಕಿರ್ದಿಯಲ್ಲಿರುವುದನ್ನೆಲ್ಲ ಖಾತೆಗೆ ಏರಿಸಿ ಗೆರೆ ಎಳೆಯುವುದು. ಗೆರೆ ಎಳೆದ ಮೇಲೆ ಹಳೆಯ ಸೆಗ್ಮೆಂಟುಗಳು ಪ್ರೈಮರಿಗೆ ಬೇಡ. ಅಳಿಸುತ್ತದೆ ಅಥವಾ ಮರುಬಳಸುತ್ತದೆ. ಸೆಕೆಂಡರಿ ಅದನ್ನು ಓದಿ ಮುಗಿಸಿದೆಯೋ ಇಲ್ಲವೋ, ಹೇಳದೆ ಇದ್ದರೆ ಪ್ರೈಮರಿ ಕೇಳುವುದಿಲ್ಲ.

ರಾತ್ರಿ 11ರ ಸುಮಾರಿಗೆ ಆದದ್ದು ಇದೇ. ಬರಹದ ಹೊರೆಗೆ ಸೆಕೆಂಡರಿ ಹಿಂದೆ ಬಿತ್ತು, ಅದಕ್ಕೆ ಬೇಕಿದ್ದ ಸೆಗ್ಮೆಂಟುಗಳು ಪ್ರೈಮರಿಯಲ್ಲಿ ಅಳಿದಿದ್ದವು. ವಾಲ್ ಆರ್ಕೈವ್ (ಸೆಗ್ಮೆಂಟುಗಳನ್ನು ಬೇರೆ ಕಡೆ ಎತ್ತಿಡುವ ವ್ಯವಸ್ಥೆ) ಇರಲಿಲ್ಲ. ಇನ್ನು ಉಳಿದದ್ದು ಒಂದೇ ದಾರಿ: ಸೆಕೆಂಡರಿಯನ್ನು ಪೂರ್ತಿ ಖಾಲಿ ಮಾಡಿ ಮೊದಲಿಂದ ನಕಲು ಮಾಡುವುದು.

ಇಲ್ಲಿ ತಡೆಯುವ ಉಪಾಯ ಮೂರಿವೆ, ಮೂರಕ್ಕೂ ಅದರದರ ತೊಂದರೆ ಇದೆ. ಮೊದಲನೆಯದು ವಾಲ್_ಕೀಪ್_ಸೆಗ್ಮೆಂಟ್ಸ್ (13ನೇ ಆವೃತ್ತಿಯಿಂದ ವಾಲ್_ಕೀಪ್_ಸೈಜ್): ಹಳೆಯ ಕಿರ್ದಿಯನ್ನು ಎಷ್ಟರ ಮಟ್ಟಿಗೆ ಅಳಿಸದೆ ಇಡಬೇಕೆಂಬ ಸೆಟ್ಟಿಂಗ್. ನಿಮ್ಮ ಸರ್ವರ್ ಹೊರೆಯ ಹೊತ್ತಿನಲ್ಲಿ ನಿಮಿಷಕ್ಕೆ 600 ಎಂಬಿ ವಾಲ್ ಬರೆಯುತ್ತದೆ ಅನ್ನಿ. ಎರಡು ಗಂಟೆಯ ಕಿರ್ದಿ ಹಿಡಿದಿಡಲು 72,000 ಎಂಬಿ ಬೇಕು, ಅಂದರೆ 4,500 ಸೆಗ್ಮೆಂಟು. ಸರಾಸರಿ ದಿನದ ಲೆಕ್ಕ ಹಾಕಿದರೆ ಪ್ರಯೋಜನವಿಲ್ಲ, ಯಾಕೆಂದರೆ ಸೆಕೆಂಡರಿ ಹಿಂದೆ ಬೀಳುವುದು ಸರಾಸರಿ ದಿನದಲ್ಲಲ್ಲ. ಎರಡನೆಯದು ರೆಪ್ಲಿಕೇಶನ್ ಸ್ಲಾಟ್, 9.4ರಿಂದಲೇ ಇದೆ. ಸೆಕೆಂಡರಿ ಓದುವವರೆಗೆ ಪ್ರೈಮರಿ ಏನನ್ನೂ ಅಳಿಸುವುದಿಲ್ಲ. ಆದರೆ ಸೆಕೆಂಡರಿ ಸತ್ತು ಮೂರು ದಿನವಾದರೂ ಸ್ಲಾಟ್ ಹಾಗೇ ಇದ್ದರೆ ಪ್ರೈಮರಿಯ ಡಿಸ್ಕ್ ತುಂಬಿ ಅದೂ ನಿಲ್ಲುತ್ತದೆ. 13ರಲ್ಲಿ ಬಂದ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಅದಕ್ಕೊಂದು ಮಿತಿ ಹಾಕುತ್ತದೆ, ಅದನ್ನು ಹಾಕದೆ ಸ್ಲಾಟ್ ಬಳಸಬೇಡಿ. ಮೂರನೆಯದು ಆರ್ಕೈವ್: ಪ್ರತಿ ಸೆಗ್ಮೆಂಟನ್ನೂ ಬೇರೆ ಕಡೆ ಪ್ರತಿ ಮಾಡಿಡುವುದು. ಒಂದನ್ನೇ ಆರಿಸಿ ಎಂದರೆ ಆರ್ಕೈವ್. ಅದರಿಂದ ಸೆಕೆಂಡರಿ ಬೇಕಾದಷ್ಟು ತಡವಾಗಿ ಬಂದು ಓದಿಕೊಳ್ಳಬಹುದು, ಜೊತೆಗೆ ಪ್ರೈಮರಿ ಅಳಿಸಿಹೋದರೂ ಅದರ ಹಿಂದಿನ ನಿಮಿಷದವರೆಗೆ ಡೇಟಾವನ್ನು ಎಬ್ಬಿಸಬಹುದು. ಆರ್ಕೈವ್ ಕಮಾಂಡ್ ಸೋಲುತ್ತಿದೆಯೇ ಎಂದು ನೋಡಲು ಪಿಜಿ_ಸ್ಟ್ಯಾಟ್_ಆರ್ಕೈವರ್ ವ್ಯೂನಲ್ಲಿ ಸೋತ ಎಣಿಕೆ ಮತ್ತು ಕೊನೆಯ ಯಶಸ್ಸಿನ ಸಮಯ ಎರಡೂ ಇವೆ.

ಮೊದಲ ಮೌನ

ಸೆಕೆಂಡರಿಯ ಡೇಟಾ ಡೈರೆಕ್ಟರಿಯನ್ನು ಖಾಲಿ ಮಾಡಿ ಪಿಜಿ_ಬೇಸ್‌ಬ್ಯಾಕಪ್ ಓಡಿಸಿದರು. ಏನೂ ಬರಲಿಲ್ಲ. ನಡೆಯುವುದನ್ನೆಲ್ಲ ಹೇಳು ಎನ್ನುವ ವರ್ಬೋಸ್ ಆಯ್ಕೆ ಕೊಟ್ಟರೂ ಪರದೆ ಖಾಲಿ. ಒಂದೆರಡು ಸಲ ಪ್ರಯತ್ನಿಸಿದ ಮೇಲೆ ಒಂದು ದೂರು ಬಂತು: ಪ್ರೈಮರಿಯಲ್ಲಿ ರೆಪ್ಲಿಕೇಶನ್ ಕನೆಕ್ಷನ್ ಸಾಲದು. ಅದರ ಮಿತಿಯಾದ ಮ್ಯಾಕ್ಸ್_ವಾಲ್_ಸೆಂಡರ್ಸ್ 3 ಇತ್ತು, 32ಕ್ಕೆ ಏರಿಸಿದರು. ಇದು ಬದಲಾಗಲು ಸರ್ವರ್ ರೀಸ್ಟಾರ್ಟ್ ಬೇಕು. ರೀಸ್ಟಾರ್ಟ್ ಮಾಡಿದರೆ ಪೋಸ್ಟ್‌ಗ್ರೆಸ್ ಏಳಲೇ ಇಲ್ಲ, ಸೆಮಾಫೋರ್ (ಪ್ರಾಸೆಸ್‌ಗಳು ಸರದಿ ಕಾಯಲು ಕರ್ನೆಲ್ ಕೊಡುವ ಗುರುತು) ಹೆಚ್ಚಾಯಿತು ಎಂದು ಮುಷ್ಕರ ಹೂಡಿತು. ನೋಡಿದರೆ ಮ್ಯಾಕ್ಸ್_ಕನೆಕ್ಷನ್ಸ್ 8000! ಸುಮಾರು ಒಂದು ವರ್ಷದಿಂದ ಹಾಗೇ ಇತ್ತು. 2000ಕ್ಕೆ ಇಳಿಸಿದ ಮೇಲೆ ಎದ್ದಿತು.

ಈ ಸೆಮಾಫೋರ್ ಲೆಕ್ಕವನ್ನು ಬಿಡಿಸಿಯೇ ನೋಡೋಣ. 9.6ರಲ್ಲಿ ಸಿಸ್ಟಂ ಐದರ ಹಳೇ ಶೈಲಿಯ ಸೆಮಾಫೋರ್‌ಗಳು, 16ರ ಗುಂಪುಗಳಾಗಿ. ಬೇಕಾದ ಗುಂಪುಗಳ ಸಂಖ್ಯೆ ತಿಳಿಯಲು ಕನೆಕ್ಷನ್‌ಗಳಿಗೆ ಆಟೋವ್ಯಾಕ್ಯೂಮ್ ಕೆಲಸಗಾರರನ್ನೂ ಇತರ ಕೆಲಸಗಾರರನ್ನೂ ಕೂಡಿ, 5 ಸೇರಿಸಿ, 16ರಿಂದ ಭಾಗಿಸಬೇಕು. ಡಿಫಾಲ್ಟ್ 3 ಮತ್ತು 8 ಇಟ್ಟುಕೊಂಡರೆ 8000 ಕನೆಕ್ಷನ್‌ಗೆ 501 ಗುಂಪು, 2000ಕ್ಕೆ 126. ಹಳೆಯ ಲಿನಕ್ಸ್ ಕರ್ನೆಲ್‌ಗಳ ಡಿಫಾಲ್ಟ್ ಮಿತಿ 128. ಇವರ ಸರ್ವರಿನ ಮಿತಿ ಅಷ್ಟೇ ಇತ್ತು ಎಂದಲ್ಲ. ಆದರೆ ಕರ್ನೆಲ್ ಡಾಟ್ ಸೆಮ್ ಮೌಲ್ಯದ ನಾಲ್ಕನೆಯ ಅಂಕಿಯನ್ನು ಈ ಲೆಕ್ಕದ ಜೊತೆ ಹೋಲಿಸಿದರೆ ರೀಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂಬುದು ಮೊದಲೇ ಗೊತ್ತಾಗುತ್ತದೆ. 10ರಿಂದ ಲಿನಕ್ಸ್‌ನಲ್ಲಿ ಪೋಸಿಕ್ಸ್ ಸೆಮಾಫೋರ್ ಬಂದು ಈ ತಲೆನೋವು ಹೋಯಿತು. 8000 ಕನೆಕ್ಷನ್ ಎಂಬ ತಲೆನೋವು ಹೋಗಲಿಲ್ಲ, ಅದಕ್ಕೆ ಕೆಲವೇ ಕನೆಕ್ಷನ್‌ಗಳನ್ನು ಹಂಚಿ ಬಳಸುವ ಪಿಜಿಬೌನ್ಸರ್‌ನಂಥ ಪೂಲರ್ ಬೇಕು.

ಸರ್ವರ್ ಎದ್ದರೂ ಪಿಜಿ_ಬೇಸ್‌ಬ್ಯಾಕಪ್ ಮತ್ತೆ ಮೌನ. ಪ್ರಾಸೆಸ್ ಏನು ಮಾಡುತ್ತಿದೆ ಎಂದು ತೋರಿಸುವ ಎಸ್‌ಟ್ರೇಸ್ ಹಾಕಿ ನೋಡಿದರೆ ಪೋಲ್ ಎಂಬ ಸಿಸ್ಟಂ ಕಾಲ್‌ನಲ್ಲಿ ಕಾಯುತ್ತಾ ಕೂತಿದೆ. ಅಷ್ಟೇ, ಬೇರೇನೂ ತಿಳಿಯಲಿಲ್ಲ.

ಆಮೇಲೆ ಗೊತ್ತಾದದ್ದು: ಅದು ಕೆಟ್ಟಿರಲಿಲ್ಲ. ಪ್ರೈಮರಿ ಡೇಟಾ ಕಳಿಸಲು ಶುರುಮಾಡುವವರೆಗೆ ಅದು ಒಂದಕ್ಷರವನ್ನೂ ಹೇಳದೆ ಕಾಯುತ್ತದೆ. ಪ್ರೈಮರಿ ಕಳಿಸುವ ಮೊದಲು ಒಂದು ಚೆಕ್‌ಪಾಯಿಂಟ್ ಮುಗಿಯಬೇಕು, ಅಂದರೆ ಖಾತೆಗೆ ಏರಿಸಿ ಗೆರೆ ಎಳೆಯಬೇಕು. ಡಿಫಾಲ್ಟ್ ಆಗಿ ಇದು ‘ಸ್ಪ್ರೆಡ್’, ಅಂದರೆ ಡಿಸ್ಕಿಗೆ ಹೊರೆಯಾಗದಂತೆ ನಿಧಾನವಾಗಿ ಹರಡಿಕೊಂಡು ನಡೆಯುವ ಚೆಕ್‌ಪಾಯಿಂಟ್. ಚೆಕ್‌ಪಾಯಿಂಟ್_ಟೈಮ್‌ಔಟ್ 5 ನಿಮಿಷ, ಕಂಪ್ಲೀಶನ್_ಟಾರ್ಗೆಟ್ 0.5 (ಆಗಿನ ಡಿಫಾಲ್ಟ್‌ಗಳು) ಇದ್ದರೆ ಎರಡೂವರೆ ನಿಮಿಷದ ಕಾಯುವಿಕೆ. ದೊಡ್ಡ ಡೇಟಾಬೇಸುಗಳಲ್ಲಿ ಹಲವರು ಮಾಡುವಂತೆ 30 ನಿಮಿಷ, 0.9 ಅಂತ ಇಟ್ಟಿದ್ದರೆ 27 ನಿಮಿಷ. ರೆಪ್ಲಿಕೇಶನ್ ಬಿದ್ದು ಎಲ್ಲರೂ ಬೆನ್ನ ಹಿಂದೆ ನಿಂತಿರುವಾಗ ಎರಡೂವರೆ ನಿಮಿಷದ ಖಾಲಿ ಪರದೆಯೇ ಹೆಚ್ಚಾಯಿತು.

ಕಾಯಲು ಮನಸ್ಸಿಲ್ಲದಿದ್ದರೆ ಪಿಜಿ_ಬೇಸ್‌ಬ್ಯಾಕಪ್‌ಗೆ ಚೆಕ್‌ಪಾಯಿಂಟ್ ಫಾಸ್ಟ್ ಎಂಬ ಆಯ್ಕೆ ಕೊಡಿ. ಡಿಸ್ಕಿನ ಮೇಲೆ ಒಮ್ಮೆಲೇ ಹೊರೆ ಬೀಳುತ್ತದೆ, ಅದನ್ನು ತಾಳುತ್ತದೆಯೇ ನೋಡಿಕೊಳ್ಳಿ. ‘ನೇತಾಡುತ್ತಿದೆ’ ಎಂದು ತೀರ್ಮಾನಿಸುವ ಮೊದಲು ಸೆಕೆಂಡರಿಯ ಪರದೆಯನ್ನು ಬಿಟ್ಟು ಪ್ರೈಮರಿಯಲ್ಲಿ ಪಿಜಿ_ಸ್ಟ್ಯಾಟ್_ರೆಪ್ಲಿಕೇಶನ್ ವ್ಯೂ ನೋಡಿ. ಚೆಕ್‌ಪಾಯಿಂಟಿಗೆ ಕಾಯುತ್ತಿರುವಾಗಲೂ ಅಲ್ಲಿ ‘ಬ್ಯಾಕಪ್’ ಎಂಬ ಸ್ಥಿತಿಯಲ್ಲಿ ಒಂದು ಸಾಲು ಇರುತ್ತದೆ. ಸಾಲು ಇದ್ದರೆ ಕೈಕಟ್ಟಿ ಕೂರಿ. 10ನೇ ಆವೃತ್ತಿಯಿಂದ ವರ್ಬೋಸ್ ಕೊಟ್ಟರೆ ‘ಚೆಕ್‌ಪಾಯಿಂಟ್ ಮುಗಿಯಲು ಕಾಯುತ್ತಿದ್ದೇನೆ’ ಎಂಬ ಅರ್ಥದ ಸಾಲನ್ನು ಸಾಧನವೇ ಬರೆಯುತ್ತದೆ, 13ರಲ್ಲಿ ಪ್ರಗತಿ ತೋರಿಸುವ ಪ್ರತ್ಯೇಕ ವ್ಯೂ ಕೂಡ ಬಂತು. ಹಾಗೆಯೇ, ವಾಲ್ ಸ್ಟ್ರೀಮ್ ಮಾಡುತ್ತಾ ನಡೆಯುವ ಒಂದು ಬೇಸ್‌ಬ್ಯಾಕಪ್‌ಗೆ ಎರಡು ವಾಲ್ ಸೆಂಡರ್ ಬೇಕು. ಮಿತಿ 3 ಇರುವಲ್ಲಿ ಹಳೆಯ ಪ್ರಯತ್ನ ಪ್ರೈಮರಿಯಲ್ಲಿ ಇನ್ನೂ ಉಸಿರಾಡುತ್ತಿದ್ದರೆ ಹೊಸದಕ್ಕೆ ಜಾಗವೇ ಇರುವುದಿಲ್ಲ.

ಅಳಿಸಿದ ಆ ಎರಡು ಸೆಕೆಂಡು

ಹಿಂದಿನ ಪ್ರಯತ್ನಗಳು ಡೇಟಾ ಡೈರೆಕ್ಟರಿಯಲ್ಲಿ ಏನಾದರೂ ಬಿಟ್ಟುಹೋಗಿರಬಹುದು, ಅದಕ್ಕೇ ಇದು ಮುಂದೆ ಹೋಗುತ್ತಿಲ್ಲ ಎಂಬುದು ಇಂಜಿನಿಯರರ ಊಹೆ. ವಾಸ್ತವದಲ್ಲಿ ಡೈರೆಕ್ಟರಿ ಖಾಲಿಯಿಲ್ಲದಿದ್ದರೆ ಪಿಜಿ_ಬೇಸ್‌ಬ್ಯಾಕಪ್ ಬಾಯಿಬಿಟ್ಟು ಹೇಳಿ ನಿಲ್ಲುತ್ತದೆ, ಸುಮ್ಮನೆ ಕೂರುವುದಿಲ್ಲ. ಆದರೂ ಒಮ್ಮೆ ಅಳಿಸಿಬಿಡೋಣ ಎಂದುಕೊಂಡರು. ಎರಡು ಸರ್ವರ್‌ಗಳ ಹೆಸರಿನಲ್ಲಿ ವ್ಯತ್ಯಾಸವಿದ್ದದ್ದು ಒಂದೇ ಅಂಕಿ, 1 ಅಥವಾ 2.

ಅಳಿಸುವ ಮುನ್ನ ಸರ್ವರಿನ ಹೆಸರನ್ನು ನೋಡುವುದಕ್ಕಿಂತ ಸರ್ವರನ್ನೇ ಕೇಳುವುದು ಲೇಸು. ಓಡುತ್ತಿದ್ದರೆ ಪಿಜಿ_ಈಸ್_ಇನ್_ರಿಕವರಿ ಎಂಬ ಫಂಕ್ಷನ್ ಕರೆಯಿರಿ: ಸೆಕೆಂಡರಿಯಲ್ಲಿ ಟ್ರೂ, ಪ್ರೈಮರಿಯಲ್ಲಿ ಫಾಲ್ಸ್. ನಿಂತಿದ್ದರೆ ಪಿಜಿ_ಕಂಟ್ರೋಲ್‌ಡೇಟಾ ಓಡಿಸಿ ಕ್ಲಸ್ಟರ್ ಸ್ಥಿತಿ ಎಂಬ ಸಾಲು ನೋಡಿ; ‘ಇನ್ ಪ್ರೊಡಕ್ಷನ್’ ಅಥವಾ ಬರೀ ‘ಶಟ್ ಡೌನ್’ ಅಂದರೆ ಕೈ ತೆಗೆಯಿರಿ (ಸೆಕೆಂಡರಿಯಾದರೆ ‘ಶಟ್ ಡೌನ್ ಇನ್ ರಿಕವರಿ’ ಎಂದಿರುತ್ತದೆ). ಇದನ್ನು ಒಂದು ಸಣ್ಣ ಸ್ಕ್ರಿಪ್ಟಿಗೆ ಹಾಕಿ, ಅಳಿಸುವ ಕೆಲಸ ಆ ಸ್ಕ್ರಿಪ್ಟಿನ ಮೂಲಕವೇ ನಡೆಯಲಿ.

ಅದಕ್ಕಿಂತ ಮುಖ್ಯ, ಅಳಿಸಲೇಬೇಡಿ. ಎಂವಿ ಕಮಾಂಡಿನಿಂದ ಡೈರೆಕ್ಟರಿಯ ಹೆಸರು ಬದಲಿಸಿ, ಕೊನೆಯಲ್ಲಿ ತಾರೀಖು ಸೇರಿಸಿ. ಒಂದೇ ಫೈಲ್‌ಸಿಸ್ಟಂ ಒಳಗೆ ಅದು ಕಣ್ಣು ಮಿಟುಕಿಸುವುದರಲ್ಲಿ ಆಗುತ್ತದೆ, ತಪ್ಪಾದರೆ ಹಿಂದಕ್ಕೂ ತರಬಹುದು. ಈ ಪ್ರಕರಣದಲ್ಲಿ ಇದರ ಬೆಲೆ ಎಷ್ಟಿತ್ತೆಂದರೆ, ಡಿಬಿ2ರ ಹಳೆಯ ಡೈರೆಕ್ಟರಿಯನ್ನು ಮೊದಲ ಹೆಜ್ಜೆಯಲ್ಲಿ ಅಳಿಸದೆ ಹೆಸರು ಬದಲಿಸಿಟ್ಟಿದ್ದರೆ, ರೆಪ್ಲಿಕೇಶನ್ ತುಂಡಾದ ಕ್ಷಣದವರೆಗಿನ ಡೇಟಾ ಅಲ್ಲೇ ಇರುತ್ತಿತ್ತು. ಕೊನೆಗೆ ಆದ ಆರು ಗಂಟೆಯ ಡೇಟಾ ನಷ್ಟ ಒಂದು ಗಂಟೆಯ ಒಳಗೆ ಇಳಿಯುತ್ತಿತ್ತು. ಇದಕ್ಕೆ ಡಿಸ್ಕಿನಲ್ಲಿ ಎರಡರಷ್ಟು ಜಾಗ ಬೇಕು ನಿಜ. ಆ ಜಾಗದ ಬಾಡಿಗೆ ಕೊಡಿ.

ಅಳಿಸಿಯೇಬಿಟ್ಟರೆ? ಲಿನಕ್ಸ್‌ನಲ್ಲಿ ಹೆಸರು ಹೋದರೂ, ಯಾವುದಾದರೂ ಪ್ರಾಸೆಸ್ ತೆರೆದಿಟ್ಟುಕೊಂಡಿರುವ ಫೈಲಿನ ಒಳಗಿನದ್ದು ಹೋಗುವುದಿಲ್ಲ. ಪ್ರಾಕ್ ಡೈರೆಕ್ಟರಿಯಲ್ಲಿ ಆ ಪ್ರಾಸೆಸ್ಸಿನ ಎಫ್‌ಡಿ ಪಟ್ಟಿಯಿಂದ ನಕಲು ಮಾಡಿಕೊಳ್ಳಬಹುದು. ಆದ್ದರಿಂದ ಗಾಬರಿಯಲ್ಲಿ ಪೋಸ್ಟ್‌ಗ್ರೆಸ್ ನಿಲ್ಲಿಸಬೇಡಿ. ಆದರೆ ಸಮಯ ಬಹಳ ಕಡಿಮೆ: ಪೋಸ್ಟ್‌ಮಾಸ್ಟರ್ ಸುಮಾರು ನಿಮಿಷಕ್ಕೊಮ್ಮೆ ತನ್ನ ಪಿಐಡಿ ಫೈಲ್ ಡೈರೆಕ್ಟರಿಯಲ್ಲಿ ಇದೆಯೇ ಎಂದು ನೋಡುತ್ತದೆ, ಕಾಣದಿದ್ದರೆ ತಾನೇ ತಕ್ಷಣ ಮುಚ್ಚಿಕೊಳ್ಳುತ್ತದೆ. ಜೊತೆಗೆ ಎಲ್ಲ ಟೇಬಲ್ ಫೈಲುಗಳೂ ಆ ಹೊತ್ತಿಗೆ ತೆರೆದಿರಲೇಬೇಕೆಂದಿಲ್ಲ. ಸಿಕ್ಕಿದ್ದು ಲಾಭ ಅಷ್ಟೇ, ಇದನ್ನು ಯೋಜನೆಯಾಗಿ ನೆಚ್ಚಬೇಡಿ. (ಅಂದಹಾಗೆ ಕಿರ್ದಿಯ ಡೈರೆಕ್ಟರಿ ಹಿಂದೆ ಪಿಜಿ_ಎಕ್ಸ್‌ಲಾಗ್ ಎಂದಿತ್ತು. ‘ಲಾಗ್’ ಎಂದು ಕಂಡು ಜಾಗ ಉಳಿಸಲು ಅಳಿಸುವವರು ಹೆಚ್ಚಾಗಿ, 10ರಲ್ಲಿ ಪಿಜಿ_ವಾಲ್ ಎಂದು ಹೆಸರು ಬದಲಿಸಿದರು.)

ಎರಡನೆಯ ಮೌನ

ಈಗ ಬ್ಯಾಕಪ್ ಹುಡುಕುವ ಸರದಿ. ದಿನಕ್ಕೊಮ್ಮೆ ಪಿಜಿ_ಡಂಪ್ ಎಂಬ ಬ್ಯಾಕಪ್ ಸಾಧನ ಓಡಿ, ಅದರ ಫೈಲು ಅಮೆಜಾನ್‌ನ ಎಸ್3 ಸಂಗ್ರಹದ ಬಕೆಟಿಗೆ ಹೋಗಬೇಕಿತ್ತು. ಬಕೆಟ್ ತೆರೆದರೆ ಖಾಲಿ.

ಡಂಪ್ ಓಡುತ್ತಿದ್ದದ್ದು ಡೇಟಾಬೇಸ್ ಸರ್ವರಿನಲ್ಲಲ್ಲ, ಅಪ್ಲಿಕೇಶನ್ ಸರ್ವರಿನಲ್ಲಿ. ಯಾವ ಆವೃತ್ತಿಯ ಪಿಜಿ_ಡಂಪ್ ಬಳಸಬೇಕೆಂದು ಅವರ ಪ್ಯಾಕೇಜು ಡೇಟಾ ಡೈರೆಕ್ಟರಿಯಲ್ಲಿನ ಆವೃತ್ತಿ ಫೈಲ್ ನೋಡಿ ತೀರ್ಮಾನಿಸುತ್ತಿತ್ತು. ಅಪ್ಲಿಕೇಶನ್ ಸರ್ವರಿನಲ್ಲಿ ಡೇಟಾ ಡೈರೆಕ್ಟರಿಯೇ ಇಲ್ಲ, ಹಾಗಾಗಿ ಡಿಫಾಲ್ಟ್ 9.2 ಸಿಕ್ಕಿತು. ಸರ್ವರ್ 9.6. ತನಗಿಂತ ಹೊಸ ಸರ್ವರಿನಿಂದ ಡಂಪ್ ತೆಗೆಯಲು ಪಿಜಿ_ಡಂಪ್ ಒಪ್ಪುವುದಿಲ್ಲ, ಆವೃತ್ತಿ ಹೊಂದುತ್ತಿಲ್ಲ ಎಂದು ಹೇಳಿ ನಿಲ್ಲುತ್ತದೆ. ಹೇಳಿಯೂ ಇತ್ತು! ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಆ ದೂರನ್ನು ಇಮೇಲ್ ಮಾಡಿತ್ತು. ಆ ಇಮೇಲ್‌ಗಳಿಗೆ ಸಹಿ ಇರಲಿಲ್ಲವಾಗಿ ನಕಲಿ ಇಮೇಲ್ ತಡೆಯುವ ಡಿಮಾರ್ಕ್ ನಿಯಮದಡಿ ಸ್ವೀಕರಿಸುವ ಕಡೆಯೇ ತಿರಸ್ಕರಿಸಿತ್ತು. ದೂರು ಇತ್ತು, ಕೇಳುವ ಕಿವಿಗೆ ತಲುಪಲಿಲ್ಲ.

ಸರ್ವರುಗಳಿದ್ದ ಮೈಕ್ರೋಸಾಫ್ಟ್ ಕ್ಲೌಡ್ ಅಜೂರ್‌ನ ಡಿಸ್ಕ್ ಸ್ನ್ಯಾಪ್‌ಶಾಟ್ ಇತ್ತೇ? ಫೈಲುಗಳನ್ನು ಹಂಚುವ ಎನ್‌ಎಫ್‌ಎಸ್ ಸರ್ವರ್‌ಗಳಿಗೆ ಇತ್ತು, ಡೇಟಾಬೇಸ್ ಸರ್ವರ್‌ಗಳಿಗೆ ಇರಲಿಲ್ಲ. ಬೇರೆ ವ್ಯವಸ್ಥೆ ಇದೆಯಲ್ಲ ಎಂಬ ಧೈರ್ಯ. ಸೆಕೆಂಡರಿ ಖಾಲಿ. ಉಳಿದದ್ದು ಲಿನಕ್ಸಿನ ಎಲ್‌ವಿಎಂ ತೆಗೆಯುವ ಡಿಸ್ಕ್ ಸ್ನ್ಯಾಪ್‌ಶಾಟ್, ಅದೂ ಬ್ಯಾಕಪ್‌ಗಾಗಿ ಅಲ್ಲ, ಸ್ಟೇಜಿಂಗ್ ಎಂಬ ಪರೀಕ್ಷಾ ವ್ಯವಸ್ಥೆಗೆ ಡೇಟಾ ತುಂಬಲು 24 ಗಂಟೆಗೊಮ್ಮೆ ತೆಗೆಯುತ್ತಿದ್ದದ್ದು. ಆ ಸಂಜೆ 5.20ಕ್ಕೆ ಪಿಜಿಪೂಲ್ ಎಂಬ ಹೊರೆ ಹಂಚುವ ಸಾಧನದ ಪರೀಕ್ಷೆಗೆಂದು ಇಂಜಿನಿಯರೊಬ್ಬರು ಕೈಯಾರೆ ಒಂದು ಸ್ನ್ಯಾಪ್‌ಶಾಟ್ ತೆಗೆದು ಸ್ಟೇಜಿಂಗ್‌ಗೆ ಹಾಕಿದ್ದರು. ಆ ಕೆಲಸ ಮರುದಿನಕ್ಕೆ ಹೋಗಿದ್ದರೆ ಕಳೆದುಹೋಗುತ್ತಿದ್ದದ್ದು ಆರು ಗಂಟೆಯದಲ್ಲ, ಸುಮಾರು ಒಂದು ದಿನದ ಡೇಟಾ.

ಸೋತಾಗ ಕೂಗುವ ಅಲಾರಂಗೆ ಇರುವ ದೋಷ ಇದು: ಅಲಾರಂ ಕೆಟ್ಟರೂ ಮೌನ, ಬ್ಯಾಕಪ್ ಸರಿಯಿದ್ದರೂ ಮೌನ. ಅದನ್ನು ತಿರುಗಿಸಿಡಬೇಕು. ಬ್ಯಾಕಪ್ ಯಶಸ್ವಿಯಾದಾಗ ಸಮಯ ಮತ್ತು ಗಾತ್ರವನ್ನು ಒಂದು ಕಡೆ ಬರೆಯಲಿ. ಕಾವಲು ವ್ಯವಸ್ಥೆ ಬೇರೆ ಯಂತ್ರದಲ್ಲಿದ್ದು, ಕೊನೆಯ ಯಶಸ್ಸಿಗೆ 26 ಗಂಟೆ ದಾಟಿದರೆ ಕೂಗಲಿ. ಗಾತ್ರ ನಿನ್ನೆಗಿಂತ ಗಣನೀಯವಾಗಿ ಕುಗ್ಗಿದರೂ ಕೂಗಲಿ. ಸಮಯವನ್ನು ಸ್ಕ್ರಿಪ್ಟಿನ ಕೊನೆಯ ಸಾಲಿನಿಂದ ತೆಗೆದುಕೊಳ್ಳಬೇಡಿ, ಬಕೆಟಿನಲ್ಲಿ ಕೂತಿರುವ ಫೈಲಿನಿಂದಲೇ ತೆಗೆದುಕೊಳ್ಳಿ. ಇನ್ನು ಪಿಜಿ_ರಿಸ್ಟೋರ್‌ಗೆ ಲಿಸ್ಟ್ ಆಯ್ಕೆ ಕೊಟ್ಟು ‘ಪಟ್ಟಿ ಬಂತು, ಬ್ಯಾಕಪ್ ಸರಿ’ ಎನ್ನುವವರಿದ್ದಾರೆ. ಅದು ಓದುವುದು ಪರಿವಿಡಿಯನ್ನು ಮಾತ್ರ. ವಾರಕ್ಕೊಮ್ಮೆಯಾದರೂ ಖಾಲಿ ಸರ್ವರಿಗೆ ಪೂರ್ತಿ ರಿಸ್ಟೋರ್ ಮಾಡಿ, ಹೆಚ್ಚು ಬರಹ ನಡೆಯುವ ಟೇಬಲ್ಲಿನ ಕೊನೆಯ ಸಾಲಿನ ತಾರೀಖು ನೋಡಬೇಕು. ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಬರೆದಿಡಬೇಕು. ಅದು ಯಾಕೆ ಎಂಬುದು ಮುಂದಿದೆ.

ಎಬ್ಬಿಸಿದ್ದು ಹೇಗೆ

ಸ್ಟೇಜಿಂಗ್‌ನಲ್ಲಿ ಡೇಟಾ ಇತ್ತು, ಅದನ್ನು ಪ್ರೊಡಕ್ಷನ್‌ಗೆ ತರುವುದು ಬಾಕಿ. ಸ್ಟೇಜಿಂಗ್ ತಾನೇ ಎಂದು ಅಲ್ಲಿ ಅಗ್ಗದ ಡಿಸ್ಕು ಹಾಕಿದ್ದರು, ವೇಗ ಸೆಕೆಂಡಿಗೆ ಸುಮಾರು 60 ಮೆಗಾಬಿಟ್‌ಗೆ ಕಟ್ಟಿಹಾಕಿದ್ದು. ಆ ವೇಗದಲ್ಲಿ 300 ಜಿಬಿ ಸಾಗಿಸಲು ಬರೀ ಲೆಕ್ಕದ ಪ್ರಕಾರವೇ 11 ಗಂಟೆ. ಒಟ್ಟಾರೆ ಹಿಡಿದದ್ದು ಸುಮಾರು 18. ಪ್ರೊಸೆಸರ್, ನೆಟ್‌ವರ್ಕ್ ಎರಡೂ ಬಿಡುವಾಗಿದ್ದವು, ಡಿಸ್ಕು ಮಾತ್ರ ಏದುಸಿರು ಬಿಡುತ್ತಿತ್ತು. ಬೆಂಗಳೂರಿನಲ್ಲಿ ಗಿಟ್‌ಲ್ಯಾಬ್ ಡಾಟ್ ಕಾಮ್ ನೆಚ್ಚಿಕೊಂಡವರ ಬುಧವಾರದ ಇಡೀ ಕೆಲಸದ ದಿನ ಇದರಲ್ಲೇ ಕಳೆಯಿತು.

ಡೇಟಾ ಬಂದ ಮೇಲೂ ಎರಡು ಕೆಲಸ ಉಳಿದಿದ್ದವು, ಎರಡೂ ಅವಸರದಲ್ಲಿ ಮರೆಯುವಂಥವು. ಒಂದು, ಸೀಕ್ವೆನ್ಸ್, ಅಂದರೆ ಹೊಸ ಐಡಿ ಕೊಡುವ ಎಣಿಕೆ. ಕಳೆದುಹೋದ ಆರು ಗಂಟೆಯಲ್ಲಿ ಹುಟ್ಟಿದ ಪ್ರಾಜೆಕ್ಟು, ಬಳಕೆದಾರ, ಕಾಮೆಂಟುಗಳ ಐಡಿಗಳು ಡೇಟಾಬೇಸಿನಿಂದ ಮಾತ್ರ ಮಾಯವಾಗಿವೆ; ಯಾರದೋ ಇಮೇಲಿನ ಕೊಂಡಿಯಲ್ಲಿ, ಬೇರೆ ಸಿಸ್ಟಂಗಳ ದಾಖಲೆಯಲ್ಲಿ ಇನ್ನೂ ಇವೆ. ಹಾಗೇ ಬಿಟ್ಟರೆ ಅದೇ ಐಡಿ ಹೊಸಬರಿಗೆ ಸಿಗುತ್ತದೆ, ಹಳೆಯ ಕೊಂಡಿ ಒತ್ತಿದವರು ಬೇರೆಯವರ ಮನೆಗೆ ಹೋಗಿ ನಿಲ್ಲುತ್ತಾರೆ. ಆದ್ದರಿಂದ ಎಲ್ಲ ಸೀಕ್ವೆನ್ಸ್‌ಗಳನ್ನೂ 1,00,000ದಷ್ಟು ಮುಂದಕ್ಕೆ ತಳ್ಳಿದರು. ಸೆಟ್‌ವಾಲ್ ಫಂಕ್ಷನ್ನಿನಿಂದ ಇದು ಕ್ಷಣದ ಕೆಲಸ, ಆದರೆ ಸೈಟ್ ತೆರೆಯುವ ಮೊದಲೇ ಆಗಬೇಕು.

ಇನ್ನೊಂದು, ವೆಬ್‌ಹುಕ್, ಅಂದರೆ ಏನಾದರೂ ನಡೆದಾಗ ಗ್ರಾಹಕರ ಸರ್ವರಿಗೆ ತಾನಾಗಿ ಹೋಗುವ ಕರೆ. ಸ್ಟೇಜಿಂಗ್‌ನಿಂದ ಗ್ರಾಹಕರ ಸರ್ವರುಗಳಿಗೆ ತಪ್ಪಿಯೂ ಕರೆ ಹೋಗದಿರಲಿ ಎಂದು, ಅಲ್ಲಿಗೆ ಡೇಟಾ ತುಂಬುವಾಗಲೇ ವೆಬ್‌ಹುಕ್‌ಗಳನ್ನು ಅಳಿಸುವ ಪದ್ಧತಿ ಇತ್ತು. ಒಳ್ಳೆಯ ಪದ್ಧತಿಯೇ, ಆದರೆ ಅದರಿಂದ ಸ್ಟೇಜಿಂಗ್ ಪ್ರತಿ ಪೂರ್ತಿ ಪ್ರತಿಯಾಗಿ ಉಳಿಯಲಿಲ್ಲ. ಫೆಬ್ರವರಿ 1ರ ಸಂಜೆ 5ರ ಹೊತ್ತಿಗೆ ಡೇಟಾಬೇಸ್ ಎದ್ದಿತು, ವೆಬ್‌ಹುಕ್ ಇಲ್ಲದೆ. ಅವನ್ನು ಸ್ನ್ಯಾಪ್‌ಶಾಟ್‌ನಿಂದ ಬೇರೆಯಾಗಿ ತಂದು ಸೇರಿಸಿ, ಎಲ್ಲ ನೋಡಿ ಮುಗಿಸಿದಾಗ 6 ಗಂಟೆ. ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ಗಿಟ್ ರೆಪೊಸಿಟರಿಗಳಿಗೆ ಏನೂ ಆಗಿರಲಿಲ್ಲ. ಮರಳಿ ಬಾರದ್ದು ಸುಮಾರು 5,000 ಪ್ರಾಜೆಕ್ಟುಗಳ ದಾಖಲೆ, 5,000 ಕಾಮೆಂಟು, 700 ಬಳಕೆದಾರರ ಖಾತೆ.